ಕಾಯಿಯೋ ಕಲ್ಲೋ

ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನ ಕಡೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ತೆಂಗಿನ ತೋಟಗಳ ನಡುವೆ ಸ್ವಲ್ಪ ನಡೆದರೆ ಒಂದು ಗುಡ್ಡ ಸಿಗುತ್ತದೆ. ಅದರ ಒಂದು ಮೈಯನ್ನು ಹಿಂದೆ ಕಲ್ಲಿಗಾಗಿ ಕಡಿದಿದ್ದರು. ಕ್ವಾರಿ ನಿಂತು ವರ್ಷಗಳಾಗಿದ್ದವು, ಕಡಿದ ಗೋಡೆ ಮಾತ್ರ ಹಾಗೇ ನೆಟ್ಟಗೆ ಉಳಿದಿತ್ತು. ಗೋಡೆಯ ನೆತ್ತಿಯಲ್ಲಿ ಒಂದು ಬಂಡೆ, ಬಿಚ್ಚಿದ ಬಾಗಿಲನ್ನು ಒರಗಿಸಿಟ್ಟ ಹಾಗೆ, ಗುಡ್ಡದಿಂದ ಬೇರೆಯಾಗಿ ನಿಂತಿತ್ತು. ಬಂಡೆಗೂ ಗುಡ್ಡಕ್ಕೂ ನಡುವಿನ ಬಿರುಕಿನಲ್ಲಿ ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತಿತ್ತು. ಸುಡುವ ಮಧ್ಯಾಹ್ನದಲ್ಲೂ ಒಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅಂದರೆ ಬಿರುಕು ನಾವು ಕಾಣುವುದಕ್ಕಿಂತ ಬಹಳ ಆಳಕ್ಕೆ ಇಳಿದಿತ್ತು.

ಬಂಡೆಯ ಕೆಳಗೆ, ತೋಟದ ಅಂಚಿನಲ್ಲಿ, ಅಕ್ಕಪಕ್ಕ ಎರಡು ಮನೆಗಳಿದ್ದವು. ಒಂದು ಬಂಡೆಯ ನೇರಕ್ಕೇ ಇತ್ತು. ಇನ್ನೊಂದು ಸ್ವಲ್ಪ ಪಕ್ಕಕ್ಕೆ.

ಬಂಡೆ ಬೀಳುತ್ತದೋ ಇಲ್ಲವೋ, ಬೀಳುವುದಾದರೆ ಮುಂಚೆ ತಿಳಿಯುತ್ತದೋ ಎಂದು ತಾಲ್ಲೂಕು ಆಡಳಿತ ಬೆಂಗಳೂರಿನ ಒಂದು ಸಂಸ್ಥೆಯನ್ನು ಕೇಳಿತ್ತು. ಅಲ್ಲಿನ ಎಂಜಿನಿಯರ್ ನನಗೆ ಫೋನ್ ಮಾಡಿದರು. ಭೂಕಂಪ ದಾಖಲಿಸುವ ಕೇಂದ್ರವೊಂದರ ಯಂತ್ರ ವಿಭಾಗದಿಂದ ನಿವೃತ್ತಳಾಗಿ ನಾನು ತಿಪಟೂರಿನಲ್ಲಿದ್ದೆ.

"ಮೇಡಂ, ಯಂತ್ರ ನಾವು ಇಡ್ತೀವಿ. ಆದರೆ ದಿನಾ ಒಂದೇ ಕ್ರಮದಲ್ಲಿ ನೋಡೋರು ಬೇಕು. ನೀವು ಒಪ್ಪಿದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನ ಹುಡುಕೋಕೆ ನನಗೆ ಧೈರ್ಯ ಇಲ್ಲ" ಎಂದರು.

ಒಪ್ಪಿಕೊಂಡೆ. ಒಂದೇ ಕ್ರಮ ಎನ್ನುವುದು ನನಗೆ ಕಷ್ಟದ ಮಾತಲ್ಲ. ನಮ್ಮ ಕೇಂದ್ರದಲ್ಲಿ ಮೊದಲು ಗಡಿಯಾರ, ಆಮೇಲೆ ಬ್ಯಾಟರಿ, ಆಮೇಲೆ ತಂತಿ, ಕೊನೆಗೆ ದಾಖಲೆ. ಆ ಕ್ರಮ ತಪ್ಪಿಸಿದವರು ಮೇಲಧಿಕಾರಿಗಳಿಗೆ ಬೆಳಗಿನ ಕಾಫಿಗೆ ಮೊದಲೇ ಮುಖ ತೋರಿಸಬೇಕಾಗುತ್ತಿತ್ತು. ಮನೆಯಲ್ಲೂ ನಾನು ಹಾಗೇ ಬದುಕುತ್ತೇನೆ.

ಯಂತ್ರ ಇಡುವ ಕೆಲಸ ಬೇಸಿಗೆಯ ಮೊದಲಲ್ಲಿ ನಡೆಯಿತು. ನೆಲದ ಸಣ್ಣ ನಡುಕವನ್ನೂ ಹಿಡಿಯುವ ಜಿಯೋಫೋನ್ ಎನ್ನುವ ಉಪಕರಣ, ಮುಷ್ಟಿಯಲ್ಲಿ ಹಿಡಿಯುವಷ್ಟು ಗಾತ್ರ. ಒಂದನ್ನು ಬಂಡೆಯ ನೆತ್ತಿಯ ಮೇಲೆ ಸಿಮೆಂಟಿನಲ್ಲಿ ಕೂರಿಸಿದೆವು. ಇನ್ನೊಂದನ್ನು ಬಿರುಕಿನ ಈಚೆ, ಗಟ್ಟಿ ಗುಡ್ಡದ ಮೇಲೆ. ಮೂರನೆಯದನ್ನು ಗೋಡೆಯ ಬುಡದಲ್ಲಿ, ಮೊದಲ ಮನೆಯ ಹಿತ್ತಿಲಲ್ಲಿ ಹೂತೆವು. ಮೂರರಿಂದಲೂ ಬಂದ ನಡುಕವನ್ನು ಒಂದು ಪೆಟ್ಟಿಗೆ ದಾಖಲಿಸಿ ಮೊಬೈಲ್ ಮೂಲಕ ನಮಗೆ ಕಳಿಸುತ್ತಿತ್ತು. ಮೊದಲ ವಾರವೇ ಅಳಿಲು ತಂತಿ ಕಡಿಯಿತು. ಕೋತಿಗಳು ಸೋಲಾರ್ ಹಲಗೆಯನ್ನು ತಿರುಗಿಸಿ ಗುಡ್ಡಕ್ಕೆ ಮುಖ ಮಾಡಿ ಕೂರಿಸಿದವು. ತಂತಿಗೆ ಕಬ್ಬಿಣದ ಪೈಪು ಹಾಕಿಸಿದೆ, ಹಲಗೆಗೆ ಮುಳ್ಳು ಕಟ್ಟಿಸಿದೆ.

ನಾವು ನೋಡುತ್ತಿದ್ದದ್ದು ಎರಡು ವಿಷಯ. ಒಂದು, ಕಲ್ಲು ಒಳಗೊಳಗೇ ಬಿರಿಯುವಾಗ ಬರುವ ಸಣ್ಣ ಸದ್ದು. ಅದು ಕಿವಿಗೆ ಕೇಳಿಸುವುದಿಲ್ಲ, ಯಂತ್ರಕ್ಕೆ ಕೇಳಿಸುತ್ತದೆ. ಎರಡನೆಯದು ಬಂಡೆಯ ಲಯ. ಗಾಳಿ, ದೂರದ ಲಾರಿ, ಪಂಪ್‌ಸೆಟ್ಟು, ಇವುಗಳಿಂದ ನೆಲ ಸದಾ ನವಿರಾಗಿ ನಡುಗುತ್ತಲೇ ಇರುತ್ತದೆ. ಆ ನಡುಕಕ್ಕೆ ಬಿಡಿ ಬಂಡೆ ತನ್ನದೇ ಲಯದಲ್ಲಿ ತೂಗುತ್ತದೆ. ಗೋಡೆಗೆ ಹೊಡೆದ ಹಲಗೆಯ ಮೊಳೆ ಸಡಿಲವಾದಷ್ಟೂ ಹಲಗೆ ನಿಧಾನವಾಗಿ ಅಲ್ಲಾಡುತ್ತದೆ. ಹಾಗೇ ಬಂಡೆಯ ಹಿಡಿತ ತಪ್ಪಿದಷ್ಟೂ ಅದರ ತೂಗಾಟ ನಿಧಾನವಾಗುತ್ತದೆ. ಬಿಸಿಲೇರಿದಾಗ ಕಲ್ಲು ಹಿಗ್ಗಿ ಬಿರುಕು ಬಿಗಿಯುತ್ತದೆ, ಲಯ ಚುರುಕಾಗುತ್ತದೆ. ಸಂಜೆ ತಣಿದಾಗ ಮತ್ತೆ ನಿಧಾನ. ಕಂಪ್ಯೂಟರಿನಲ್ಲಿ ದಿನಾ ಏರಿ ಇಳಿಯುವ ಆ ಲಯದ ಗೆರೆ ಎಲ್ಲಿಯವರೆಗೆ ಏರುತ್ತಿದೆಯೋ ಅಲ್ಲಿಯವರೆಗೆ ಭಯವಿಲ್ಲ. ಇಳಿದದ್ದು ಏರದೆ ಹೋದರೆ ಭಯ.

ಮೊದಲ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಐವತ್ತರ ಆಸುಪಾಸಿನವರು. ಮಗಳನ್ನು ತುರುವೇಕೆರೆಗೆ ಕೊಟ್ಟಿದ್ದರು. ಯಜಮಾನರು ಮಾತು ಕಡಿಮೆ. ಆ ಹೆಣ್ಣುಮಗಳು ಹಾಗಲ್ಲ. ನಾನು ಹಿತ್ತಿಲಲ್ಲಿ ಗುಂಡಿ ತೋಡಿಸುತ್ತಿದ್ದಾಗ ಸೊಂಟಕ್ಕೆ ಕೈ ಕೊಟ್ಟು ನಿಂತು ಕೇಳಿದರು:

"ಅಮ್ಮ, ಈ ಮಿಷನ್ನು ಕಾಯಿ ಕೆಡುಸಾದಿಲ್ಲ ತಾನೆ?"

"ಯಾವ ಕಾಯಿ?"

"ಅಟ್ಟದ್ದು ಕಣಮ್ಮ. ವರ್ಷದ ಕಾಯಿ ಅಟ್ಟಕ್ಕೆ ಹಾಕಿವಿ. ಇನ್ನೊಂದು ಎರಡು ತಿಂಗಳಿಗೆ ಕೊಬ್ಬರಿ ಆಗ್ತದೆ. ಅಲ್ಲಿವರ್ಗೂ ಅದುನ್ನ ಅಲ್ಲಾಡುಸ್‌ಬಾರದು."

ಈ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಬಲಿತ ತೆಂಗಿನಕಾಯನ್ನು ಸಿಪ್ಪೆಸಮೇತ ಅಟ್ಟದಲ್ಲಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ನಡುವೆ ಪೆಟ್ಟು ಬಿದ್ದು ಕಾಯಿ ಸೀಳಿದರೆ, ಮಳೆನೀರು ತಾಗಿದರೆ, ಒಳಗೆ ಬೂಷ್ಟು ಹಿಡಿದು ಹೋಗುತ್ತದೆ. ಯಂತ್ರ ಕೇಳಿಸಿಕೊಳ್ಳುತ್ತದೆಯೇ ಹೊರತು ತಾನಾಗಿ ಏನೂ ಅಲ್ಲಾಡಿಸುವುದಿಲ್ಲ ಎಂದೆ. ಅವರಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ, ಆದರೂ ಮಜ್ಜಿಗೆ ತಂದುಕೊಟ್ಟರು.

ಮೊದಲ ಎಚ್ಚರಿಕೆ ಬಂದದ್ದು ಬೇಸಿಗೆ ಬಲಿತಾಗ, ಒಂದು ಬೆಳಿಗ್ಗೆ. ನಾನು ಗಡಿಯಾರ, ಬ್ಯಾಟರಿ ಮುಗಿಸಿ ತಂತಿಗೆ ಬರುವಷ್ಟರಲ್ಲಿ ಫೋನು ಕಿರುಚತೊಡಗಿತು. ಬುಡದ ಜಿಯೋಫೋನಿನಲ್ಲಿ ಪೆಟ್ಟಿನ ಮೇಲೆ ಪೆಟ್ಟು. ಒಂದು ನಿಲ್ಲುವಷ್ಟರಲ್ಲಿ ಇನ್ನೊಂದು. ಬೆಂಗಳೂರಿನಿಂದ ಎಂಜಿನಿಯರ್ ಕೂಗಿದರು: "ಮೇಡಂ, ಎಬ್ಬಿಸಿ ಅವರನ್ನ!" ನಾನು ತಹಶೀಲ್ದಾರರಿಗೆ ಹೇಳಿದೆ. ಅರ್ಧ ಗಂಟೆಯೊಳಗೆ ಕಂದಾಯದವರು ಬಂದು ಎರಡೂ ಮನೆಯವರನ್ನು ದನಕರು ಸಮೇತ ರಸ್ತೆಯಾಚೆಯ ಶಾಲೆಗೆ ಸಾಗಿಸಿದರು. ಅವರು ಹೊರಟ ಮೇಲೆ ಪೆಟ್ಟುಗಳೂ ನಿಂತವು. ಗುಡ್ಡ ಸ್ವಲ್ಪ ಸುಮ್ಮನಾಗಿದೆ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು.

ನಾನು ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ತಲುಪಿದಾಗ ಮಧ್ಯಾಹ್ನ. ಶಾಲೆಯ ಜಗುಲಿಯ ಮೇಲೆ ಎರಡನೆಯ ಮನೆಯವರು ಕೂತಿದ್ದರು. ಅಗಲ ಮೀಸೆ, ಸದಾ ನಗುವ ಕಣ್ಣು, ಊರಿನಲ್ಲಿ ಯಾರನ್ನೂ ಬಿಡದೆ ಗೇಲಿ ಮಾಡುವ ಆಸಾಮಿ.

"ಬೆಳಿಗ್ಗೆ ಏನು ಮಾಡ್ತಿದ್ರಿ?" ಎಂದು ಕೇಳಿದೆ. ನನ್ನ ಕ್ರಮದಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ.

"ಅಟ್ಟ ಇಳುಸ್ತಿದ್ವಿ ಕಣಮ್ಮ. ನಮ್ದು ಕೊಬ್ಬರಿ ಆಗಿತ್ತಲ್ಲ. ಮೇಲಿಂದ ಅಂಗಳಕ್ಕೆ ಬಿಸಾಕ್ತಿದ್ವಿ. ಅಷ್ಟೊತ್ಗೆ ಬಂದು ಎಳ್ಕಂಡು ಬಂದ್ರು."

ಬುಡದ ಯಂತ್ರ ಹಿಡಿದದ್ದು ಅಟ್ಟದಿಂದ ಬಿದ್ದ ಕಾಯಿಗಳನ್ನು ಎಂದು ಎಂಜಿನಿಯರಿಗೆ ಫೋನ್ ಮಾಡಿ ಹೇಳಿದೆ. ಅವರು ಬೆಳಗಿನ ದಾಖಲೆಯನ್ನು ಮತ್ತೆ ತೆರೆದರು.

ಮೀಸೆಯವರಿಗೆ ವಿಷಯ ಅರ್ಥವಾದಾಗ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಕೇಳ್ರಪ್ಪೋ! ನಾವು ಅಟ್ಟ ಖಾಲಿ ಮಾಡಿದ್ಕೆ ಇವ್ರು ಊರೇ ಖಾಲಿ ಮಾಡುಸ್ಬುಟ್ರು!" ಶಾಲೆಯ ಜಗುಲಿಯೆಲ್ಲ ನಕ್ಕಿತು. ಮೊದಲ ಮನೆಯ ಯಜಮಾನರು ಮಾತ್ರ ನಗಲಿಲ್ಲ. ಹಸುವಿನ ಹಗ್ಗ ಹಿಡಿದು ಮನೆಯ ದಾರಿ ಹಿಡಿದರು.

ತಹಶೀಲ್ದಾರರು ಸಿಟ್ಟಾಗಲಿಲ್ಲ. ಆದರೆ ಅವರು ಹೇಳಿದ ಮಾತು ಸಿಟ್ಟಿಗಿಂತ ಭಾರವಾಗಿತ್ತು. "ಎರಡನೇ ಸಲ ಕರೆದರೆ ಕಷ್ಟಪಟ್ಟು ಬರ್ತಾರೆ ಮೇಡಂ. ಅದೂ ಸುಳ್ಳಾದರೆ, ಮೂರನೇ ಸಲ ನಿಜವಾಗಿ ಬಿದ್ದರೂ ಯಾರೂ ಏಳಲ್ಲ."

ಎಂಜಿನಿಯರ್ ಪ್ರೋಗ್ರಾಮನ್ನು ತಿದ್ದಿದರು. ಚಿಕ್ಕದಾಗಿ, ಚೂಪಾಗಿ, ಬುಡದಲ್ಲಿ ಮಾತ್ರ ಜೋರಾಗಿ ಬರುವ ಪೆಟ್ಟು ಎಂದರೆ ಅದನ್ನು "ಕಾಯಿ" ಎಂದು ಹೆಸರಿಟ್ಟು ಬದಿಗೆ ಸರಿಸುವುದು. ಅಟ್ಟದಿಂದ ಬಿದ್ದರೂ ಕಾಯಿ, ಮರದಿಂದ ಬಿದ್ದರೂ ಕಾಯಿ. ತೋಟದ ನಡುವೆ ಕೂತ ಯಂತ್ರಕ್ಕೆ ಅದು ತೀರಾ ಅಗತ್ಯವಾದ ತಿದ್ದುಪಡಿ. ನಾನೂ ಒಪ್ಪಿದೆ. ಫೋನು ಕಿರುಚುವುದು ನಿಂತಿತು.

ಆಮೇಲೆ ಭರಣಿ ಮಳೆ ಬಂತು. ಎರಡು ದಿನ ಗುಡ್ಡದ ಮೇಲೆ ಸುರಿದು ಹೋಯಿತು. ಬಿರುಕಿನಲ್ಲಿ ನೀರು ಇಳಿದದ್ದನ್ನು ಗೆರೆಯೇ ಹೇಳಿತು. ಬಂಡೆಯ ಲಯ ಒಮ್ಮೆಲೇ ಇಳಿಯಿತು. ಅದು ನಿರೀಕ್ಷಿತ. ನೀರು ಒಣಗಿದ ಮೇಲೆ ಏರಬೇಕು. ಬಿಸಿಲು ಬಂತು, ತೋಟದ ಮಣ್ಣು ಬಿಳಿಚಿತು, ಗೆರೆ ಏರಲಿಲ್ಲ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಸ್ವಲ್ಪ ತಲೆ ಎತ್ತಿದಂತೆ ಮಾಡಿ, ಸಂಜೆಗೆ ಹಿಂದಿನ ದಿನಕ್ಕಿಂತ ಕೆಳಗೆ ಹೋಗಿ ಮಲಗಿತು. ಮರುದಿನವೂ ಹಾಗೇ.

"ಮಳೆಯ ಪರಿಣಾಮ ಇನ್ನೂ ಇರಬಹುದು" ಎಂದರು ಎಂಜಿನಿಯರ್. "ಬಿರಿಯುವ ಸದ್ದು ಹೆಚ್ಚಾಗಿಲ್ಲ. ಎಚ್ಚರಿಕೆಯ ಮಟ್ಟಕ್ಕೆ ಒಂದೂ ಬಂದಿಲ್ಲ."

ಇರಬಹುದು. ಆದರೆ ಆ ವಾರದಿಂದ ನಾನು ದಿನಾ ಅಲ್ಲಿಗೆ ಹೋಗಲು ಶುರು ಮಾಡಿದೆ. ಬುಡದಲ್ಲಿ ನಿಂತು ತಲೆ ಎತ್ತಿದರೆ ಬಂಡೆ ಮೊದಲಿನಂತೆಯೇ ಇತ್ತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಅದೇ ನನ್ನನ್ನು ಕಾಡಿದ್ದು. ಮನೆಯ ಹಿಂದೆ ನೆರಳು, ಹೆಂಚಿನ ಮೇಲೆ ಒಣಗಿದ ಗರಿ, ಹಿತ್ತಿಲಲ್ಲಿ ಬೆಟ್ಟದಷ್ಟು ಕಾಯಿ ಸಿಪ್ಪೆ. ಹಸು ಮಾತ್ರ ಹಿತ್ತಿಲ ಗೂಟದಲ್ಲಿ ನಿಲ್ಲುತ್ತಿರಲಿಲ್ಲ. ಹಗ್ಗ ಎಳೆದು ಎಳೆದು ಕುತ್ತಿಗೆಯ ಕೂದಲು ಸವೆದಿತ್ತು. ಯಜಮಾನರು ಅದನ್ನು ಅಂಗಳಕ್ಕೆ ತಂದು ಕಟ್ಟಿದ್ದರು. "ನೊಣದ ಕಾಟ" ಎಂದರು.

ಬದಿಗೆ ಸರಿಸಿದ್ದನ್ನೂ ನೋಡುವುದು ನನ್ನ ಅಭ್ಯಾಸ. ಯಂತ್ರ ಬೇಡವೆಂದು ತೆಗೆದಿಟ್ಟದ್ದನ್ನು ದಿನಕ್ಕೊಮ್ಮೆ ಕಣ್ಣಾಡಿಸದೆ ಕಂಪ್ಯೂಟರ್ ಮುಚ್ಚುವುದಿಲ್ಲ. ಎಂಜಿನಿಯರ್ ಇದನ್ನು ಕಾಲಹರಣ ಎಂದು ನಗುತ್ತಿದ್ದರು. ಆ ದಿನ "ಕಾಯಿ" ಎಂಬ ಹೆಸರಿನಡಿ ಬಿದ್ದ ಪೆಟ್ಟುಗಳನ್ನು ನೋಡುತ್ತಾ ಹೋದೆ. ಅವು ಹೆಚ್ಚಾಗಿದ್ದವು. ಮಳೆಗಾಳಿಗೆ ತೋಟದಲ್ಲಿ ಕಾಯಿ ಉದುರುವುದು ಸಹಜ, ಆದರೆ ಗಾಳಿ ನಿಂತು ದಿನಗಳಾಗಿದ್ದವು.

ಪ್ರೋಗ್ರಾಮು ಪೆಟ್ಟು ಬಿದ್ದ ಗಳಿಗೆಯನ್ನಷ್ಟೇ ಕತ್ತರಿಸಿ ತೋರಿಸುತ್ತಿತ್ತು. ನಾನು ಒಂದರ ಹಿಂದುಮುಂದಿನ ದಾಖಲೆಯನ್ನೂ ತೆರೆದೆ. ಬುಡದ ಪೆಟ್ಟಿಗೆ ಎರಡು ಮೂರು ಸೆಕೆಂಡು ಮುಂಚೆ, ಬಂಡೆಯ ನೆತ್ತಿಯ ಜಿಯೋಫೋನಿನಲ್ಲಿ ಒಂದು ಸಣ್ಣ ಮುಳ್ಳು ಎದ್ದಿತ್ತು. ಗಮನಿಸದಿದ್ದರೆ ಕಾಣದಷ್ಟು ಸಣ್ಣದು. ಇನ್ನೊಂದನ್ನು ತೆರೆದೆ. ಅಲ್ಲೂ ಇತ್ತು. ಮತ್ತೊಂದರಲ್ಲೂ. ಪ್ರತಿ ಸಲವೂ ಮೊದಲು ಮೇಲೆ ಟಿಕ್, ಸ್ವಲ್ಪ ಮೌನ, ಆಮೇಲೆ ಕೆಳಗೆ ಪೆಟ್ಟು.

ಆ ಮೌನ ಏನೆಂದು ತಿಳಿಯಲು ಕಾಗದ ಪೆನ್ಸಿಲು ಬೇಕಾಗಲಿಲ್ಲ. ಆ ಎತ್ತರದಿಂದ ಕಲ್ಲೊಂದು ಕಳಚಿ ನೆಲ ಮುಟ್ಟಲು ಹಿಡಿಯುವ ಹೊತ್ತು ಅದು. ಮರದಿಂದ ಕಾಯಿ ಬೀಳುವ ಮುಂಚೆ ಬಂಡೆಯ ನೆತ್ತಿ ಟಿಕ್ ಎನ್ನುವುದಿಲ್ಲ.

ಆಗಲೇ ಬಸ್ಸು ಹಿಡಿದೆ. ಮನೆಯ ಹಿಂದಕ್ಕೆ ಹೋಗಿ ಗೋಡೆಯ ಬುಡದಲ್ಲಿ ಹುಡುಕಿದೆ. ಮೇಲ್ನೋಟಕ್ಕೆ ಏನೂ ಇಲ್ಲ. ಸಿಪ್ಪೆಯ ರಾಶಿಯನ್ನು ಕೋಲಿನಿಂದ ಕೆದಕಿದೆ. ಒಳಗೆ ಕಲ್ಲುಗಳಿದ್ದವು. ಕಾಯಿ ಗಾತ್ರದವು, ಅದಕ್ಕಿಂತ ದೊಡ್ಡವು. ಒಂದು ಮೈ ಮಳೆಬಿಸಿಲಿಗೆ ಕಪ್ಪಾಗಿತ್ತು, ಇನ್ನೊಂದು ಮೈ ಈಗ ತಾನೇ ಒಡೆದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಸಿಪ್ಪೆ ಸದ್ದನ್ನು ನುಂಗಿತ್ತು, ಕಲ್ಲನ್ನೂ ಮುಚ್ಚಿಟ್ಟಿತ್ತು.

ಫೋಟೋ ಕಳಿಸಿದೆ. ಎಂಜಿನಿಯರ್ ನಗಲಿಲ್ಲ. "ಕಾಯಿ ಅಂತ ಹೆಸರಿಟ್ಟಿದ್ದನ್ನೆಲ್ಲ ಮತ್ತೆ ಹಾಕಿ ನೋಡ್ತೀನಿ" ಎಂದರು. ಸ್ವಲ್ಪ ಹೊತ್ತಿಗೆ ಅವರೇ ಕರೆದರು. ದನಿ ಇಳಿದಿತ್ತು. "ಮೇಡಂ, ದಿನದಿಂದ ದಿನಕ್ಕೆ ಹೆಚ್ಚಾಗ್ತಿದೆ. ಲಯ ಇವತ್ತು ಮಧ್ಯಾಹ್ನ ಏಳಲೇ ಇಲ್ಲ. ಆದರೆ ಯಾವಾಗ ಅಂತ ನನಗೆ ಹೇಳೋಕಾಗಲ್ಲ. ನಾಳೆಯೋ, ತಿಂಗಳೋ."

ಅದೇ ನಮ್ಮ ಕೆಲಸದ ಕಷ್ಟ. ಬೀಳುತ್ತದೆ ಎಂದು ಯಂತ್ರ ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ.

ತಹಶೀಲ್ದಾರರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು. "ನಾನು ಜೀಪು, ಟ್ರ್ಯಾಕ್ಟರು, ಪೊಲೀಸರನ್ನ ಕಳಿಸ್ತೀನಿ" ಎಂದರು. "ಆದರೆ ಎಳೆದು ತಂದರೆ ಸಂಜೆಗೆ ವಾಪಸ್ ಹೋಗ್ತಾರೆ. ಅವರು ತಾವಾಗೇ ಬರಬೇಕು. ಅದನ್ನ ನೀವು ನೋಡಿ."

ಮರುದಿನ ಬೆಳಿಗ್ಗೆ ಮೊದಲ ಮನೆಯ ಜಗುಲಿಯ ಮೇಲೆ ಕೂತು ಕಲ್ಲುಗಳನ್ನು ಸಾಲಾಗಿ ಇಟ್ಟು ತೋರಿಸಿದೆ. ಯಜಮಾನರು ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟರು.

"ಬೀಳ್ಬೋದು ಅಂತೀರ."

"ಬೀಳುತ್ತೆ ಅಂತೀನಿ. ದಿನ ಗೊತ್ತಿಲ್ಲ."

"ಅಟ್ಟ ಬುಟ್ಟು ಬರಾಕಾಯ್ತದಾ ಅಮ್ಮ? ವರ್ಷದ ಬದುಕು ಮೇಲೈತೆ. ಕೊಬ್ಬರಿ ಆಗ್ಲಿ, ಇಳುಸ್ಕಂಡು ನಾವೇ ಬತ್ತೀವಿ. ಅವಳನ್ನ ಬೇಕಾದ್ರೆ ಇವತ್ತೇ ಮಗಳ ಮನೇಗೆ ಕಳುಸ್ತೀನಿ."

"ನಾನೊಬ್ಳು ಹೋಗಿ ಏನ್ಮಾಡ್ಲಿ?" ಎಂದು ಹೆಂಡತಿ ಒಳಗಿನಿಂದಲೇ ಕೂಗಿದರು. "ಇದ್ರೆ ಇಬ್ರೂ ಇರಾಣ."

ಪಕ್ಕದ ಮನೆಯ ಮೀಸೆಯವರು ಬೇಲಿಯಾಚೆಯಿಂದ ತಲೆ ಹಾಕಿದರು. "ಏನಮ್ಮ, ಇವತ್ತು ಯಾರ ಅಟ್ಟದ ಕಾಯಿ ಬಿತ್ತು?"

ನಾನು ಅಟ್ಟದ ಕಡೆ ನೋಡುತ್ತಿದ್ದೆ. ಇವರಿಗೆ ಗೆರೆ ತೋರಿಸಿ ಪ್ರಯೋಜನವಿಲ್ಲ. ಅಟ್ಟ ಇಳಿಯದೆ ಇವರು ಇಳಿಯುವುದಿಲ್ಲ. ಹಾಗಾದರೆ ಅಟ್ಟವನ್ನು ಇವತ್ತೇ ಇಳಿಸಬೇಕು.

ಹೊರಗೆ ಬಂದು ಎಂಜಿನಿಯರಿಗೆ ಹೇಳಿದೆ. ಅವರು ಹೌಹಾರಿದರು. "ಅಟ್ಟ ಇಳಿಸೋದು ಅಂದ್ರೆ ಅಷ್ಟು ಹೊತ್ತು ಆಳುಗಳು ಬಂಡೆ ಕೆಳಗೇ ಇರಬೇಕು. ಮೇಲಿಂದ ಕಾಯಿ ಎಸೀತಾರೆ. ಬುಡದ ಯಂತ್ರ ಕಿವುಡಾಗುತ್ತೆ. ಕಲ್ಲು ಬಿದ್ದರೆ ನನಗೆ ಗೊತ್ತೇ ಆಗಲ್ಲ ಮೇಡಂ!"

"ಎಸೆಯದಿದ್ದರೆ?"

"ಹಾಗಾದರೆ ಮೂರೂ ಗೆರೆ ನೋಡ್ತಾ ನಾನು ಫೋನಲ್ಲೇ ಇರ್ತೀನಿ" ಎಂದರು.

ಒಳಗೆ ಹೋಗಿ ನನ್ನ ಷರತ್ತು ಹೇಳಿದೆ. ಟ್ರ್ಯಾಕ್ಟರು ರಸ್ತೆಯಲ್ಲಿ ನಿಲ್ಲುತ್ತದೆ. ಅಟ್ಟದ ಏಣಿಯಿಂದ ಟ್ರ್ಯಾಕ್ಟರಿನವರೆಗೆ ಜನ ಸಾಲಾಗಿ ನಿಲ್ಲಬೇಕು. ಕಾಯಿ ಕೈಯಿಂದ ಕೈಗೆ ಹೋಗಬೇಕು. ಒಂದು ಕಾಯೂ ನೆಲಕ್ಕೆ ಬೀಳಬಾರದು. ಬಿದ್ದರೆ ಬೀಳಿಸಿದವರು ತಕ್ಷಣ ಕೂಗಿ ಹೇಳಬೇಕು. ನಾನು ಸೀಟಿ ಊದಿದರೆ, ಕೈಯಲ್ಲಿ ಏನಿದ್ದರೂ ಅಲ್ಲೇ ಬಿಟ್ಟು ರಸ್ತೆಗೆ ಓಡಬೇಕು. ಯಾಕೆ, ಏನು ಎಂದು ಕೇಳಬಾರದು.

"ಕಾಯಿಗೆ ಪೆಟ್ಟೂ ಬೀಳಲ್ಲ" ಎಂದು ಹೆಂಡತಿ ಹೊರಗೆ ಬಂದರು. ಮುಖದಲ್ಲಿ ಮೊದಲ ಸಲ ಒಪ್ಪಿಗೆ ಕಂಡಿತು. ಗಂಡನ ಕಡೆ ತಿರುಗಿ, "ಏಳ್ರೀ, ಏನ್ ನೋಡ್ತಾ ಕುಂತಿದೀರ?" ಎಂದರು.

ಸಾಲಿಗೆ ಜನ ಸಾಲದೆ ಹೋದಾಗ ಮೀಸೆಯವರನ್ನೇ ಕರೆದೆ. "ನಗೋದಕ್ಕೆ ಬರ್ತೀರಿ, ಕೆಲಸಕ್ಕೂ ಬನ್ನಿ."

"ಬತ್ತೀನಿ ಬುಡಿ ಅಮ್ಮ. ಕಾಯಿ ಬೀಳ್ದಂಗೆ ಅಟ್ಟ ಇಳುಸಾದ ನೋಡಿರ್ಲಿಲ್ಲ, ನೋಡ್ಬುಡಾಣ."

ಯಜಮಾನರು ಅಟ್ಟದ ಮೇಲೆ, ಏಣಿಯ ಮೇಲೊಬ್ಬರು, ಬಾಗಿಲಲ್ಲಿ ಮೀಸೆಯವರು, ಅಲ್ಲಿಂದ ಊರಿನ ಗಂಡಸರು ಹೆಂಗಸರು ರಸ್ತೆಯವರೆಗೆ. ನಾನು ಅಂಗಳದಲ್ಲಿ, ಬಂಡೆ ಪೂರ್ತಿ ಕಾಣುವ ಜಾಗದಲ್ಲಿ ನಿಂತೆ. ಒಂದು ಕಿವಿಯಲ್ಲಿ ಎಂಜಿನಿಯರ್, ಬಾಯಲ್ಲಿ ಸೀಟಿ. ಅವರ ಮುಂದೆ ಮೂರೂ ಗೆರೆಗಳು ಓಡುತ್ತಿದ್ದವು.

ಶುರುವಿನಲ್ಲಿ ಗಲಾಟೆ ಇತ್ತು. "ನಿಧಾನ ಕಣ್ಲಾ", "ಮಗು ಹಿಡ್ದಂಗೆ ಹಿಡಿ", "ನಿನ್ನ ಮಗೂನೂ ಹಿಂಗೇ ಎಸೀತಿದ್ದೆಯಾ?" ಆಮೇಲೆ ಕೈಗಳಿಗೆ ಲಯ ಸಿಕ್ಕಿತು, ಮಾತು ಕಡಿಮೆಯಾಯಿತು. ಸಿಪ್ಪೆಗೆ ಅಂಗೈ ಉಜ್ಜುವ ಸದ್ದಷ್ಟೇ ಉಳಿಯಿತು. ಅಷ್ಟು ಜನ ಅಷ್ಟು ನಿಶ್ಶಬ್ದವಾಗಿ ದುಡಿಯುವುದನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಅಟ್ಟ ಕಾಲುಭಾಗ ಇಳಿದಿರಬೇಕು. ಎಂಜಿನಿಯರ್ ಕಿವಿಯಲ್ಲಿ ಹೇಳಿದರು: "ಬುಡದಲ್ಲಿ ಒಂದು ಪೆಟ್ಟು!"

"ಯಾರ ಕೈಯಿಂದ ಕಾಯಿ ಬಿತ್ತು?" ಎಂದು ಕೂಗಿದೆ. ಸಾಲು ನಿಂತಿತು. ಯಾರೂ ಮಾತಾಡಲಿಲ್ಲ. ಸೀಟಿಗೆ ಉಸಿರು ಎಳೆದುಕೊಂಡೆ.

"ನಂದೇ ಕಣಮ್ಮ" ಎಂದರು ಮೀಸೆಯವರು, ಕಾಲ ಬಳಿಯ ಕಾಯನ್ನು ಎತ್ತುತ್ತಾ. "ಮೂಗು ಕೆರ್ಕಂಡೆ."

ಸಾಲೆಲ್ಲ ನಕ್ಕಿತು. ಅಟ್ಟದ ಮೇಲಿಂದ ಯಜಮಾನರ ನಗುವೂ ಕೇಳಿಸಿತು. ಆ ಮನೆಯವರು ನಕ್ಕದ್ದನ್ನು ಕೇಳಿದ್ದು ಅದೇ ಮೊದಲು. ನಾನು ನಗಲಿಲ್ಲ. ಬಿದ್ದ ತಕ್ಷಣ ಹೇಳಬೇಕು ಎಂದು ಮತ್ತೊಮ್ಮೆ ಕೂಗಿ ಹೇಳಿದೆ. ಕೈಗಳು ಮತ್ತೆ ಓಡತೊಡಗಿದವು.

ಬಿಸಿಲು ನೆತ್ತಿಗೆ ಬಂತು. ಅಟ್ಟ ಅರ್ಧವಾಯಿತು. ಎಂಜಿನಿಯರ್ ಆಗಾಗ ಲಯ ಹೇಳುತ್ತಿದ್ದರು. ಈ ಹೊತ್ತಿಗೆ ಏರಬೇಕಾದ್ದು ಇಳಿಯುತ್ತಲೇ ಇತ್ತು.

"ಪೆಟ್ಟು" ಎಂದರು.

"ಯಾರದು?" ಎಂದೆ.

ಸಾಲು ನಿಂತಿತು. ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ಮೀಸೆಯವರು ಎರಡೂ ಕೈಯಲ್ಲಿ ಕಾಯಿ ಹಿಡಿದು ನನಗೆ ಎತ್ತಿ ತೋರಿಸಿದರು. ಮುಖದಲ್ಲಿ ನಗುವಿರಲಿಲ್ಲ. ಏಣಿಯ ಮೇಲಿದ್ದವರೂ ತೋರಿಸಿದರು. ಬಾಗಿಲಿಂದ ರಸ್ತೆಯವರೆಗೆ ಒಂದು ಕೈಯೂ ಖಾಲಿ ಇರಲಿಲ್ಲ.

"ಮೇಡಂ, ಮುಂಚೆ ಮೇಲೆ ಟಿಕ್ ಇದೆ. ಇನ್ನೊಂದು. ಇನ್ನೊಂದು—"

ಸೀಟಿ ಊದಿದೆ.

ಓಡಿದರು. ಕಾಯಿಗಳು ದಾರಿಯುದ್ದಕ್ಕೂ ಧಡಧಡ ಬಿದ್ದವು. ಬುಡದ ಯಂತ್ರಕ್ಕೆ ಆಗ ಏನು ಕೇಳಿಸಿತೋ, ಅದರ ಕೆಲಸ ಮುಗಿದಿತ್ತು. ಹೆಂಡತಿ ಹಸು ಬಿಚ್ಚಿ ಹೊಡೆದುಕೊಂಡು ಹೋದರು. ಯಜಮಾನರು ಏಣಿಯ ಕೆಳಗೆ ಇಳಿದು ನಿಂತುಬಿಟ್ಟರು. ತಲೆ ಎತ್ತಿ ಅಟ್ಟ ನೋಡುತ್ತಿದ್ದರು. ಮೀಸೆಯವರು ಒಳಗೆ ನುಗ್ಗಿ ಅವರ ತೋಳು ಹಿಡಿದು ಎಳೆದರು: "ಬಾರ್ಲಾ, ಬಾ! ಹಾಳಾಗೋಗ್ಲಿ ಕಾಯಿ!"

ರಸ್ತೆಯಲ್ಲಿ ನಿಂತೆವು. ಏನೂ ಆಗಲಿಲ್ಲ.

ಮಧ್ಯಾಹ್ನ ಕಳೆಯಿತು. ಬಂಡೆ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ಪೊಲೀಸರು ನೆರಳು ಹುಡುಕಿ ಕೂತರು. ಯಾರೋ ಬಾಳೆಹಣ್ಣು ತಂದರು. ಸಾಲಿನಲ್ಲಿದ್ದವರು ಒಬ್ಬೊಬ್ಬರೇ ಮನೆಗೆ ಹೋದರು. ಹೋಗುವಾಗ ನನ್ನ ಕಡೆ ನೋಡಿದ ನೋಟ ನನಗೆ ಅರ್ಥವಾಗುತ್ತಿತ್ತು. ತಹಶೀಲ್ದಾರರು ಹೇಳಿದ ಮೂರನೇ ಸಲದ ಮಾತು ನೆನಪಾಯಿತು. ಕಿವಿಯಲ್ಲಿ ಎಂಜಿನಿಯರ್ ಮೆಲ್ಲಗೆ ಹೇಳಿದರು: "ಲಯದ ಗೆರೆ ಕಾಣದಷ್ಟು ಕೆಳಗೆ ಹೋಗಿದೆ. ಅವರನ್ನ ಬಿಡಬೇಡಿ."

ಯಜಮಾನರು ಎದ್ದರು. "ಇನ್ನರ್ಧ ಐತೆ ಅಮ್ಮ. ನಾನೊಬ್ನೇ ಹೋಗ್ತೀನಿ. ಮೂಟೆಗೆ ತುಂಬ್ಕಂಡು ಬತ್ತೀನಿ. ಯಾರೂ ಬರಾದು ಬೇಡ."

"ಬೇಡ."

"ಬಿದ್ದಿಲ್ಲವಲ್ಲ!"

"ಇನ್ನೂ ಬಿದ್ದಿಲ್ಲ."

ಅವರು ಎರಡು ಹೆಜ್ಜೆ ಇಟ್ಟರು. ಪೊಲೀಸಿನವನು ಎದ್ದ. ಅದಕ್ಕೂ ಮುಂಚೆ ಹೆಂಡತಿ ದಾರಿಗೆ ಅಡ್ಡ ಬಂದು, ಹಸುವಿನ ಹಗ್ಗವನ್ನು ಗಂಡನ ಕೈಗೆ ತುರುಕಿದರು. "ಹಿಡ್ಕಳಿ ಇದುನ್ನ. ನನ್ ಕೈಲಿ ಹಿಡಿಯಾಕಾಯ್ತಿಲ್ಲ." ಹಸು ನಿಜವಾಗಿಯೂ ಎಳೆಯುತ್ತಿತ್ತು, ಗುಡ್ಡಕ್ಕೆ ಬೆನ್ನು ಹಾಕಿ. ಯಜಮಾನರು ಎರಡೂ ಕೈಯಲ್ಲಿ ಹಗ್ಗ ಹಿಡಿದು ಕಾಲೂರಿ ನಿಂತರು.

ಅವರು ಹಾಗೆ ನಿಂತಿದ್ದಾಗಲೇ ಬಂಡೆಯ ತುದಿಗೂ ಆಕಾಶಕ್ಕೂ ನಡುವಿನ ಅಂಚು ಅಲುಗಿತು. ಸದ್ದು ಮೊದಲು ಬರಲಿಲ್ಲ. ಬಂಡೆ ನಿಧಾನವಾಗಿ, ಯಾರೋ ಬಾಗಿಲು ತೆಗೆದ ಹಾಗೆ, ಗುಡ್ಡದಿಂದ ಹೊರಕ್ಕೆ ಬಾಗಿತು. ಆಮೇಲೆ ನೆಲ ಎದ್ದು ನಮ್ಮ ಪಾದಕ್ಕೆ ಹೊಡೆಯಿತು. ತೆಂಗಿನ ಮರಗಳು ಬುಡಸಮೇತ ಮಲಗಿದವು. ಬಿಳಿ ಧೂಳು ತೋಟ ತುಂಬಿ, ರಸ್ತೆ ದಾಟಿ, ನಮ್ಮ ಬಾಯಿ ಮೂಗಿಗೆಲ್ಲ ನುಗ್ಗಿತು. ಹಸು ಮಾತ್ರ ಒಂದೇ ಸಮನೆ ಕೂಗುತ್ತಿತ್ತು.

ಧೂಳು ಇಳಿದಾಗ ಮೊದಲ ಮನೆ ಇರಲಿಲ್ಲ. ಮನೆಯಿದ್ದ ಜಾಗವೂ ತಿಳಿಯುತ್ತಿರಲಿಲ್ಲ. ಹೆಂಡತಿ ಟ್ರ್ಯಾಕ್ಟರಿನ ಗಾಲಿಗೆ ಒರಗಿ ಕೂತುಬಿಟ್ಟರು. ಯಜಮಾನರು ಹಗ್ಗ ಬಿಡದೆ ಅವರ ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಟ್ರ್ಯಾಕ್ಟರಿನ ಟಾರ್ಪಾಲು ಸರಿಯಾಗಿ ಕಟ್ಟಿದೆಯೇ ಎಂದು ಮೂಲೆ ಎಳೆದು ನೋಡಿದರು. ಮೋಡ ಕಟ್ಟುತ್ತಿತ್ತು.

ಎರಡನೆಯ ಮನೆ ಹಾಗೇ ಇತ್ತು. ಒಂದು ಹೆಂಚೂ ಕದಲಿರಲಿಲ್ಲ. ಮೀಸೆಯವರು ತಮ್ಮ ಮನೆಯನ್ನು ನೋಡಲಿಲ್ಲ. ಮನೆಯ ಮೇಲ್ಗಡೆ ನೋಡುತ್ತಿದ್ದರು. ಬಂಡೆ ಕಳಚಿದ ಜಾಗದಲ್ಲಿ ಗುಡ್ಡದ ಹಸಿ ಮೈ ತೆರೆದುಕೊಂಡಿತ್ತು. ಅದರ ಪಕ್ಕದಲ್ಲಿ, ಇಲ್ಲಿಯವರೆಗೆ ಬಂಡೆಯ ಮರೆಯಲ್ಲಿ ಕಾಣದೆ ಇದ್ದ ಇನ್ನೊಂದು ಬಿರುಕು ಮೇಲಿಂದ ಕೆಳಗೆ ಇಳಿದಿತ್ತು.

"ಅಮ್ಮ, ಅದೇನಂತದೆ?" ಎಂದು ಕೇಳಿದರು.

"ಅದಕ್ಕೆ ಯಂತ್ರ ಇಟ್ಟಿಲ್ಲ. ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಾಗೋವರೆಗೆ ಅದರ ಕೆಳಗೆ ಮಲಗಬೇಡಿ ಅಂತ."

ಅವರು ಮೀಸೆ ಮೇಲಿನ ಧೂಳು ಒರೆಸಿಕೊಂಡರು. "ನಮ್ಮ ಅಟ್ಟ ಖಾಲಿ ಐತೆ. ಹೆಂಡ್ತಿ ಮಕ್ಳು ಇಲ್ಲೇ ಅವ್ರೆ. ಎರಡು ಕರ ಕೊಟ್ಟಿಗೇಲಿ ಕಟ್ಟಿವ್ನಿ, ಅಷ್ಟೆ." ಕೊಟ್ಟಿಗೆಯ ಕಡೆ ನೋಡಿ, "ಬಿಚ್ಕಂಡು ಬರ್ಲಾ?" ಎಂದರು. ಅಷ್ಟು ದಿನದಲ್ಲಿ ಅವರು ನನ್ನನ್ನು ಅಪ್ಪಣೆ ಕೇಳಿದ್ದು ಅದೇ ಮೊದಲು.

ಬೇಡ ಎನ್ನುವುದು ಸುಲಭವಿತ್ತು. ಕರುಗಳು ಕೊಟ್ಟಿಗೆಯಲ್ಲಿ ಅರಚುತ್ತಿದ್ದವು. ನಾನು ಅವರ ಅಂಗಳದ ಬದಿಗೆ, ಬಿರುಕು ಪೂರ್ತಿ ಕಾಣುವಲ್ಲಿಗೆ ನಡೆದು ನಿಂತು ಸೀಟಿಯನ್ನು ಬಾಯಿಗಿಟ್ಟುಕೊಂಡೆ. ಬಂಡೆಯ ಜೊತೆ ಯಂತ್ರವೂ ಹೋಗಿತ್ತು, ಈಗ ಕಿವಿಯಲ್ಲಿ ಯಾರೂ ಇರಲಿಲ್ಲ. ನೋಡಲು ಗೆರೆಯೂ ಇರಲಿಲ್ಲ. ತಲೆಯಾಡಿಸಿದೆ. ಅವರು ಓಡಿದರು.